ಅಕ್ವೇರಿಯಂನಲ್ಲಿ ಬಸವನಹುಳುವಿನ ಮೊಟ್ಟೆ: ಗುರುತಿಸುವುದು, ತೆಗೆಯುವುದು, ಬೇಕಿದ್ದರೆ ಮರಿ ಮಾಡಿಸುವುದು

ಮಳೆಗಾಲ ಹಿಡಿದ ಮೇಲೆ ಕಾರವಾರದ ನಮ್ಮ ಮನೆಯ ಪಡಸಾಲೆಗೆ ಹಗಲಿನಲ್ಲೂ ಬೆಳಕು ಸಾಲುವುದಿಲ್ಲ. ಹಾಗಾಗಿ ಅಕ್ವೇರಿಯಂನ ಹಿಂಬದಿಯ ಗಾಜನ್ನು ನಾನು ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡುತ್ತೇನೆ. ಕಳೆದ ಜೂನ್‌ನಲ್ಲಿ ಹಾಗೆ ನೋಡುವಾಗ, ವ್ಯಾಲಿಸ್ನೇರಿಯಾ ಎಲೆಗಳ ಹಿಂದೆ ಹುಣಸೆಬೀಜದಷ್ಟು ಅಗಲದ ಪಾರದರ್ಶಕ ಲೋಳೆಯ ತುಣುಕೊಂದು ಗಾಜಿಗೆ ಅಂಟಿಕೊಂಡಿತ್ತು. ಭೂತಗನ್ನಡಿ ಇಟ್ಟು ಎಣಿಸಿದರೆ ಅದರೊಳಗೆ ಇಪ್ಪತ್ತೆರಡು ಗುಳ್ಳೆಗಳಿದ್ದವು. ಪ್ರತಿ ಗುಳ್ಳೆಯೊಳಗೂ ಸಾಸಿವೆಗಿಂತ ಚಿಕ್ಕದಾದ ಚುಕ್ಕೆಯೊಂದು ತನ್ನಷ್ಟಕ್ಕೆ ನಿಧಾನವಾಗಿ ಸುತ್ತುತ್ತಿತ್ತು. ಬಸವನಹುಳುವಿನ ಭ್ರೂಣ ಮೊಟ್ಟೆಯೊಡೆಯುವ ಮುನ್ನ ಹೀಗೆ ತಿರುಗುತ್ತಿರುತ್ತದೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಇಪ್ಪತ್ತೆರಡು ಮರಿಗಳು ಗಾಜಿನ ಮೇಲೆ ಹರಿದಾಡುತ್ತಿದ್ದವು.

ಇಂತಹ ಲೋಳೆ ಕಂಡ ಕೂಡಲೇ ಹಲವರು ಔಷಧಿ ಹುಡುಕಿಕೊಂಡು ಅಂಗಡಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿರೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೊಟ್ಟೆಯನ್ನು ಬೆರಳಿನಿಂದ ತೆಗೆಯಬಹುದು. ನೀರಿಗೆ ಸೇರಿದ ವಿಷವನ್ನು ಹಾಗೆ ತೆಗೆಯಲು ಬರುವುದಿಲ್ಲ. ಯಾವ ಹುಳುವಿನ ಮೊಟ್ಟೆಯೆಂದು ತಿಳಿದುಕೊಂಡು, ಮರಿಯಾಗುವುದಕ್ಕೆ ಮುಂಚೆ ಅದನ್ನು ಹೊರತೆಗೆದು, ಮೀನಿಗೆ ಹಾಕುವ ಆಹಾರವನ್ನು ಹದಕ್ಕೆ ತಂದರೆ ಕೆಲಸದ ಬಹುಪಾಲು ಮುಗಿಯುತ್ತದೆ.

ಮೊದಲ ಹೆಜ್ಜೆ: ಯಾವ ಹುಳುವಿನ ಮೊಟ್ಟೆ?

ಈ ಹಂತದಲ್ಲಿ ಅವಸರ ಮಾಡಬಾರದು. ಮೊಟ್ಟೆ ಎಲ್ಲಿದೆ, ಲೋಳೆಯಲ್ಲಿದೆಯೋ ಗಟ್ಟಿಯಾಗಿದೆಯೋ, ಅದರ ಬಣ್ಣವೇನು ಎಂಬ ಮೂರು ಸಂಗತಿಗಳನ್ನು ನೋಡಿದರೆ ಸಾಮಾನ್ಯವಾಗಿ ಅದರ ಒಡೆಯ ಯಾರೆಂಬುದು ತಿಳಿಯುತ್ತದೆ.

ನೀರಿನೊಳಗೆ, ಗಾಜಿನ ಮೇಲೆ ಅಥವಾ ಎಲೆಯ ಅಡಿಬದಿಯಲ್ಲಿ ಮೃದುವಾದ ಪಾರದರ್ಶಕ ಲೋಳೆ ಕಂಡರೆ ಅದು ಬಹುಮಟ್ಟಿಗೆ ಮೂರು ಬಗೆಯ ಹುಳುಗಳಲ್ಲಿ ಒಂದರದ್ದು. ಬ್ಲ್ಯಾಡರ್ ಸ್ನೇಲ್ ಎಂದು ಕರೆಯುವ ಫೈಸಾ ಜಾತಿಯ ಚಿಕ್ಕ ಹುಳು ಸ್ವಲ್ಪ ಬಾಗಿದ, ಉದ್ದುದ್ದನೆಯ ಲೋಳೆ ಇಡುತ್ತದೆ. ರಾಮ್ಸ್‌ಹಾರ್ನ್ ಹುಳುವಿನದು ಚಪ್ಪಟೆಯಾಗಿ ದುಂಡಗಿದ್ದು, ತುಸು ಹಳದಿ ಅಥವಾ ಕಂದು ಛಾಯೆಯಿಂದ ಕೂಡಿರುತ್ತದೆ. ಲಿಮ್ನಿಯಾ ಎಂಬ ಕೆರೆಹುಳುವಿನ ಲೋಳೆ ಕಿರುಬೆರಳ ತುದಿಯಂತೆ ನೀಳವಾಗಿದ್ದು ಹೆಚ್ಚು ನೀರುನೀರಾಗಿರುತ್ತದೆ. ಲೋಳೆಯನ್ನು ನೋಡಿ ನಿರ್ಧರಿಸಲಾಗದಿದ್ದರೆ ದೊಡ್ಡ ಹುಳುವೊಂದನ್ನು ಹಿಡಿದು, ಚಿಪ್ಪಿನ ಚೂಪು ತುದಿ ಮೇಲಕ್ಕೂ ಬಾಯಿ ನಿಮ್ಮ ಕಡೆಗೂ ಇರುವಂತೆ ಬೆರಳುಗಳ ನಡುವೆ ಇಟ್ಟುಕೊಳ್ಳಿ. ಬಾಯಿ ನಿಮ್ಮ ಎಡಗಡೆಗೆ ಬಂದರೆ ಅದು ಫೈಸಾ, ಬಲಗಡೆಗೆ ಬಂದರೆ ಲಿಮ್ನಿಯಾ. ಚಿಪ್ಪು ಕಂಬಳಿಹುಳು ಸುರುಳಿ ಸುತ್ತಿದಂತೆ ಒಂದೇ ಮಟ್ಟದಲ್ಲಿ ಸುತ್ತಿಕೊಂಡಿದ್ದರೆ ರಾಮ್ಸ್‌ಹಾರ್ನ್.

ಈ ಮೂರೂ ದ್ವಿಲಿಂಗಿಗಳು, ಅಂದರೆ ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ಜೊತೆ ಸಿಗದಿದ್ದರೆ ಒಂಟಿ ಹುಳುವೂ ಫಲಿತ ಮೊಟ್ಟೆಗಳನ್ನು ಇಡಬಲ್ಲದು. ಆದ್ದರಿಂದ ಇರುವುದು ಒಂದೇ ಹುಳು ತಾನೇ ಎಂದು ಸುಮ್ಮನಿರುವಂತಿಲ್ಲ. ಕರಾವಳಿಯಲ್ಲಿ ತೊಟ್ಟಿಯ ನೀರು ಹೀಟರ್ ಇಲ್ಲದೆಯೇ 27, 28 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯವಾದ್ದರಿಂದ ಇಲ್ಲಿ ಒಂದು ವಾರದಿಂದ ಹತ್ತು ದಿನಗಳೊಳಗೆ ಮರಿಗಳು ಹೊರಬರುತ್ತವೆ. ಘಟ್ಟದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಅದೇ ಮೊಟ್ಟೆ ಎರಡು ವಾರವೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತದೆ.

ನೀರಿನ ಮಟ್ಟಕ್ಕಿಂತ ಮೇಲೆ, ಗಾಜಿನ ಅಂಚಿಗೋ ಮುಚ್ಚಳದ ಒಳಬದಿಗೋ, ದಾಳಿಂಬೆಯ ಕಾಳುಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ತಿಳಿಗುಲಾಬಿ ಅಥವಾ ಕೆನೆಬಣ್ಣದ ಗೊಂಚಲು ಅಂಟಿದ್ದರೆ ಅದು ಮಿಸ್ಟರಿ ಸ್ನೇಲ್ ಇಟ್ಟದ್ದು. ಅಂಗಡಿಗಳಲ್ಲಿ ಹಳದಿ, ನೀಲಿ, ದಂತದ ಬಣ್ಣಗಳಲ್ಲಿ ಸಿಗುವ ದೊಡ್ಡ ಹುಳು ಇದೇ. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಆದರೆ ಹೆಣ್ಣು ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಕಾದಿಟ್ಟುಕೊಳ್ಳುವುದರಿಂದ, ಅಂಗಡಿಯಿಂದ ಒಂಟಿಯಾಗಿ ಬಂದ ಹೆಣ್ಣೂ ಮನೆಗೆ ಬಂದು ಎಷ್ಟೋ ದಿನಗಳ ನಂತರ ಮೊಟ್ಟೆ ಇಡಬಹುದು. ನಮ್ಮ ಗದ್ದೆಗಳಲ್ಲಿ ಸಿಗುವ ಪೈಲಾ ಜಾತಿಯ ದೊಡ್ಡ ಹುಳು ಇದರ ಹತ್ತಿರದ ಸಂಬಂಧಿಯಾದರೂ, ಅದು ನೀರಿನಂಚಿನ ಒದ್ದೆ ಮಣ್ಣಿನ ಪೊಟರೆಯಲ್ಲಿ ಬಿಳಿಯ ಮೊಟ್ಟೆಗಳನ್ನು ಇಡುತ್ತದೆಯೇ ಹೊರತು ಗಾಜಿಗೆ ಗುಲಾಬಿ ಗೊಂಚಲನ್ನು ಅಂಟಿಸುವುದಿಲ್ಲ.

ಗಾಜು, ಕಲ್ಲು, ಮರದ ತುಂಡು ಹೀಗೆ ಎಲ್ಲೆಂದರಲ್ಲಿ ಎಳ್ಳಿನ ಕಾಳುಗಳನ್ನು ಅಂಟಿಸಿದಂತೆ ಗಟ್ಟಿಯಾದ ಬಿಳಿ ಚುಕ್ಕೆಗಳು ಕಂಡರೆ ಅವು ನೆರೈಟ್ ಹುಳುವಿನವು. ಇವುಗಳ ಬಗ್ಗೆ ಚಿಂತೆ ಬೇಡ. ನೆರೈಟ್ ಮರಿಗಳು ಬದುಕಲು ಉಪ್ಪು ಬೆರೆತ ನೀರು ಬೇಕು. ಕಾಳಿ ನದಿ ಸದಾಶಿವಗಡದ ಬಳಿ, ಅಘನಾಶಿನಿ ತದಡಿಯ ಬಳಿ ಸಮುದ್ರ ಸೇರುವ ಅಳಿವೆಗಳಂತಹ ಜಾಗಗಳಲ್ಲಿ, ಉಬ್ಬರ ಇಳಿತಕ್ಕೆ ಸಿಹಿನೀರು ಉಪ್ಪುನೀರು ಕಲೆಯುವಲ್ಲಿ, ಇವು ಸಂತಾನ ಬೆಳೆಸುತ್ತವೆ. ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಈ ಮೊಟ್ಟೆಗಳಿಂದ ಹುಳುವಿನ ಸಂತತಿ ಬೆಳೆಯುವುದಿಲ್ಲ. ಕಣ್ಣಿಗೆ ಚೆಂದವಿಲ್ಲವೆಂಬುದೊಂದೇ ತೊಂದರೆ.

ಬೆಂಕಿಪೊಟ್ಟಣದ ಕಡ್ಡಿಯ ತಲೆಯಷ್ಟು ಚಿಕ್ಕದಾದ ಪಾರದರ್ಶಕ ಚೌಕಗಳು ಒಂದರ ಪಕ್ಕ ಒಂದರಂತೆ ಸಾಲಾಗಿದ್ದು, ಪ್ರತಿ ಚೌಕದ ನಡುವೆ ಒಂದೇ ಒಂದು ಮೊಟ್ಟೆಯಿದ್ದರೆ ಅದು ಬೇರೆ ಹುಳುಗಳನ್ನು ತಿನ್ನುವ ಅಸಾಸಿನ್ ಸ್ನೇಲ್‌ನದು. ಇದು ನಿಧಾನವಾಗಿ ಹೆಚ್ಚುವ ಹುಳುವಾದ್ದರಿಂದ ನಾನಾದರೆ ಹಾಗೆಯೇ ಬಿಡುತ್ತೇನೆ. ಇನ್ನು ತಳದ ಹರಳಿನಲ್ಲಿ ಹುದುಗಿರುವ, ಮೊಳೆಯಂತೆ ಚೂಪಾದ ಟ್ರಂಪೆಟ್ ಸ್ನೇಲ್ ಮೊಟ್ಟೆಯನ್ನೇ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಅದರ ಕಾಟವಿದ್ದರೆ ಮೊಟ್ಟೆ ಹುಡುಕುವುದು ವ್ಯರ್ಥ. ಮುಂದೆ ಹೇಳುವ ಸೌತೆಕಾಯಿಯ ದಾರಿಯನ್ನೇ ಹಿಡಿಯಬೇಕು.

ಒಂದು ಎಚ್ಚರಿಕೆಯಿದೆ. ಮೀನಿನ ಮೊಟ್ಟೆಯನ್ನು ಹುಳುವಿನದೆಂದು ತಿಳಿದು ಕೆರೆದು ಹಾಕಿದವರನ್ನು ನಾನು ನೋಡಿದ್ದೇನೆ. ಏಂಜೆಲ್ ಮೀನು ಅಗಲವಾದ ಎಲೆಯ ಮೇಲೆ ಸಾಲುಸಾಲಾಗಿ ಮೊಟ್ಟೆ ಇಟ್ಟು ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ಕೋರಿಡೋರಸ್ ಗಾಜಿಗೆ ಬಿಡಿಬಿಡಿಯಾಗಿ ಅಥವಾ ಚಿಕ್ಕ ಗುಂಪುಗಳಲ್ಲಿ ದುಂಡನೆಯ ಮೊಟ್ಟೆಗಳನ್ನು ಅಂಟಿಸುತ್ತದೆ. ಮೀನಿನ ಮೊಟ್ಟೆಗಳನ್ನು ಒಟ್ಟಾಗಿ ಸುತ್ತುವರಿದ ಲೋಳೆಯ ಹೊದಿಕೆ ಇರುವುದಿಲ್ಲ, ಮೊದಲು ಹೇಳಿದ ಮೂರು ಬಗೆಯ ಹುಳುಗಳ ಮೊಟ್ಟೆಗಳಿಗೆ ಇರುತ್ತದೆ. ನೆನಪಿಡಬೇಕಾದ ವ್ಯತ್ಯಾಸ ಇದು.

ಎರಡನೆಯ ಹೆಜ್ಜೆ: ಇರಲೋ, ಹೋಗಲೋ?

ಬಸವನಹುಳು ಶತ್ರುವಲ್ಲ. ಕೊಳೆತ ಎಲೆ, ಪಾಚಿ, ಮೀನು ತಿನ್ನದೆ ಬಿಟ್ಟ ಆಹಾರ ಇವನ್ನೆಲ್ಲ ಅದು ತಿಂದು ಮುಗಿಸುತ್ತದೆ, ಆರೋಗ್ಯವಾಗಿರುವ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹತ್ತಿಪ್ಪತ್ತು ಹುಳುಗಳಿರುವ ತೊಟ್ಟಿಗೆ ಅವುಗಳಿಂದ ಉಪಕಾರವೇ ಆಗುತ್ತದೆ. ನೂರಾರು ಆದಾಗ ಮಾತ್ರ ಗಾಜು ಕಾಣದಂತಾಗಿ, ಅವುಗಳ ಹಿಕ್ಕೆಯಿಂದ ನೀರು ಬೇಗ ಕೆಡುತ್ತದೆ. ಹಾಗಾಗಿ ಪೂರ್ತಿ ನಿರ್ಮೂಲ ಮಾಡುವ ಹಟ ಬಿಟ್ಟು, ಸಂಖ್ಯೆಯನ್ನು ಹತೋಟಿಯಲ್ಲಿಡುವ ಗುರಿ ಇಟ್ಟುಕೊಳ್ಳುವುದು ಲೇಸು. ಮರಿಮೀನು ಸಾಕುವ ಬರಿಗಾಜಿನ ತೊಟ್ಟಿಯಲ್ಲಿ ಮಾತ್ರ ನಾನು ಒಂದೂ ಹುಳು ಇರದಂತೆ ನೋಡಿಕೊಳ್ಳುತ್ತೇನೆ.

ಮೂರನೆಯ ಹೆಜ್ಜೆ: ಕೈಯಿಂದ ತೆಗೆಯುವುದು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಅವಧಿ ಮುಗಿದ ಎಟಿಎಂ ಕಾರ್ಡಿನಂತಹ ಗಟ್ಟಿ ಪ್ಲಾಸ್ಟಿಕ್ ತುಂಡು, ನೀರೆಳೆಯುವ ಸಣ್ಣ ಪೈಪು, ಮೃದುವಾದ ಹಳೆಯ ಹಲ್ಲುಜ್ಜುವ ಬ್ರಷ್, ಟಾರ್ಚ್, ಒಂದು ಬಕೆಟ್ ಮತ್ತು ಹಳೆಯ ಪಂಚೆಯ ತುಂಡು. ಕೈಯಲ್ಲಿ ಸೋಪು, ಎಣ್ಣೆ, ಸೊಳ್ಳೆಗೆ ಹಚ್ಚುವ ಮುಲಾಮು ಯಾವುದೂ ಇರಬಾರದು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಕೆರೆ ಗದ್ದೆಗಳಿಂದ ಬಂದ ಹುಳುಗಳು ಪರೋಪಜೀವಿಗಳನ್ನು ಹೊತ್ತಿರಬಹುದು. ನಮ್ಮ ಕಡೆ ದನಗಳಿಗೆ ಬರುವ ಗೊರಕೆ ರೋಗದ ಹುಳು ಬೆಳೆಯುವುದೂ ಇಂಡೋಪ್ಲಾನೋರ್ಬಿಸ್ ಎಂಬ ರಾಮ್ಸ್‌ಹಾರ್ನ್ ಜಾತಿಯ ಬಸವನಹುಳುವಿನಲ್ಲಿಯೇ.

ಗಾಜಿನ ಮೇಲಿನ ಲೋಳೆಯನ್ನು ಸುಮ್ಮನೆ ಕೆರೆದರೆ ಅದು ಹರಿದು, ಮೊಟ್ಟೆಗಳು ಚದುರಿ ತಳಕ್ಕೆ ಬೀಳುತ್ತವೆ, ಅಲ್ಲಿಯೇ ಮರಿಯೂ ಆಗುತ್ತವೆ. ಆದ್ದರಿಂದ ಮೊದಲು ಪೈಪಿನಲ್ಲಿ ನೀರು ಹರಿಯುವಂತೆ ಮಾಡಿ, ಅದರ ಬಾಯಿಯನ್ನು ಲೋಳೆಯ ಕೆಳಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕಾರ್ಡನ್ನು ಗಾಜಿಗೆ ಸಪಾಟಾಗಿ ಒತ್ತಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಳ್ಳಬೇಕು. ಲೋಳೆ ಇಡಿಯಾಗಿ ಕಳಚಿ ಪೈಪಿನೊಳಗೆ ಹೋಗುತ್ತದೆ. ಬಕೆಟ್ಟಿನ ಬಾಯಿಗೆ ಪಂಚೆಯ ತುಂಡನ್ನು ಕಟ್ಟಿದ್ದರೆ ಮೊಟ್ಟೆಗಳು ಬಟ್ಟೆಯಲ್ಲಿ ಉಳಿಯುತ್ತವೆ. ವಾರದ ನೀರು ಬದಲಿಸುವ ದಿನವೇ ಇದನ್ನು ಮಾಡಿದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತವೆ.

ಎಲೆಯ ಅಡಿಬದಿಯ ಲೋಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಲೆಯ ಬುಡದಿಂದ ತುದಿಯ ಕಡೆಗೆ ಜಾರಿಸಿದರೆ ಎಲೆ ಹರಿಯದೆ ಲೋಳೆ ಬಿಡುತ್ತದೆ. ಹಣ್ಣಾದ ಎಲೆಯಾಗಿದ್ದರೆ ಅದನ್ನೇ ಕತ್ತರಿಸಿ ಹಾಕುವುದು ಸುಲಭ. ಫಿಲ್ಟರ್‌ನ ನೀರೆಳೆಯುವ ಕೊಳವೆ, ಸ್ಪಂಜಿನ ಸಂದು, ಹೀಟರ್ ಅಂಟಿಸುವ ರಬ್ಬರ್ ಬಟ್ಟಲಿನ ಹಿಂಬದಿ, ತೇಲುವ ಗಿಡಗಳ ಬೇರು, ಗಾಜುಗಳು ಕೂಡುವ ಮೂಲೆಯ ಸಿಲಿಕೋನ್ ಅಂಚು ಇಷ್ಟು ಜಾಗಗಳನ್ನು ಮರೆಯಬಾರದು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಬೇಕು. ಕ್ಲೋರಿನ್ ತಗುಲಿದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ನೆರೈಟ್ ಮೊಟ್ಟೆಗೆ ಕಾರ್ಡು ಸಾಲುವುದಿಲ್ಲ. ಗಾಜಾಗಿದ್ದರೆ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬಹುದು. ಅಕ್ರಿಲಿಕ್ ತೊಟ್ಟಿಗೆ ಬ್ಲೇಡು ಮುಟ್ಟಿಸಬೇಡಿ, ಬಿದ್ದ ಗೀರು ಹೋಗುವುದಿಲ್ಲ. ಮರದ ತುಂಡಿನ ಮೇಲಿನವನ್ನು ಬಿಟ್ಟುಬಿಡುವುದೇ ಒಳ್ಳೆಯದು. ಮಿಸ್ಟರಿ ಸ್ನೇಲ್‌ನ ಗೊಂಚಲನ್ನು ಇಟ್ಟ ರಾತ್ರಿಯೇ ಮುಟ್ಟಿದರೆ ಅದು ಜಿಗುಟಾಗಿ ಒಡೆಯುತ್ತದೆ. ಒಂದು ದಿನ ಬಿಟ್ಟು, ಗಟ್ಟಿಯಾದ ಮೇಲೆ ಬುಡಕ್ಕೆ ಕಾರ್ಡು ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ ಇಡೀ ಗೊಂಚಲು ಕೈಗೆ ಬರುತ್ತದೆ.

ಒಮ್ಮೆ ತೆಗೆದು ಕುಳಿತರೆ ಸಾಲದು. ತೊಟ್ಟಿಯಲ್ಲಿರುವ ದೊಡ್ಡ ಹುಳುಗಳು ಎರಡು ಮೂರು ದಿನಕ್ಕೊಮ್ಮೆ ಹೊಸದಾಗಿ ಇಡುತ್ತಲೇ ಇರುತ್ತವೆ, ನಮ್ಮ ಕಣ್ಣು ತಪ್ಪಿಸಿ ಹುಟ್ಟಿದ ಮರಿ ಒಂದೂವರೆ ತಿಂಗಳಿನಲ್ಲಿ ತಾನೂ ಇಡಲು ಶುರು ಮಾಡುತ್ತದೆ. ಆದುದರಿಂದ ನಾಲ್ಕು ಐದು ದಿನಗಳಿಗೊಮ್ಮೆ, ಕನಿಷ್ಠ ಆರು ವಾರಗಳ ಕಾಲ ಬಿಡದೆ ತೆಗೆಯಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ತಪ್ಪುವುದಿಲ್ಲ.

ನಾಲ್ಕನೆಯ ಹೆಜ್ಜೆ: ಆಹಾರ

ಮೇಲಿನ ಎಲ್ಲವನ್ನೂ ಮಾಡಿ, ಮೀನಿಗೆ ಹಾಕುವ ಆಹಾರವನ್ನು ಮಾತ್ರ ಹಾಗೆಯೇ ಮುಂದುವರಿಸಿದರೆ ಮೊಟ್ಟೆ ನಿಲ್ಲುವುದಿಲ್ಲ. ತಿನ್ನಲು ಸಿಕ್ಕಷ್ಟು ದಿನ ಹುಳು ಮೊಟ್ಟೆ ಇಡುತ್ತದೆ. ಆಹಾರ ಕಡಿಮೆಯಾದರೆ ಮೊಟ್ಟೆಯೂ ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ನಾನು ಒಮ್ಮೆ, ಶಾಲೆಯಿಂದ ಬಂದ ಮಗಳು ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಒಮ್ಮೆ, ಹೀಗೆ ಮೀನುಗಳಿಗೆ ಮೂರು ಹೊತ್ತು ಊಟ ನಡೆಯುತ್ತಿತ್ತು. ಯಾರಿಗೂ ಇನ್ನೊಬ್ಬರು ಹಾಕಿದ್ದು ತಿಳಿಯುತ್ತಿರಲಿಲ್ಲ. ಆಹಾರದ ಡಬ್ಬಿಯನ್ನು ಮಗಳ ಸುಪರ್ದಿಗೆ ಕೊಟ್ಟು, ದಿನಕ್ಕೆ ಒಂದೇ ಬಾರಿ ಎರಡು ನಿಮಿಷಗಳಲ್ಲಿ ಮೀನುಗಳು ತಿಂದು ಮುಗಿಸುವಷ್ಟು ಮಾತ್ರ ಹಾಕುವುದೆಂದು ಗೊತ್ತುಮಾಡಿದ ಮೇಲೆ, ಎರಡು ತಿಂಗಳಿನಲ್ಲಿ ಹುಳುಗಳು ಅರ್ಧಕ್ಕಿಂತ ಕಡಿಮೆಯಾದವು. ವಾರಕ್ಕೊಂದು ದಿನ ಏನೂ ಹಾಕದಿದ್ದರೆ ಬೆಳೆದ ಮೀನುಗಳಿಗೆ ತೊಂದರೆಯಿಲ್ಲ.

ಇದರ ಜೊತೆಗೆ ದೊಡ್ಡ ಹುಳುಗಳನ್ನು ಹಿಡಿಯುವುದೂ ನಡೆಯಬೇಕು. ಮೊಗೆಕಾಯಿಯನ್ನೋ ಎಳೆಯ ಸೌತೆಯನ್ನೋ ಬಿಲ್ಲೆಯಾಗಿ ಕೊಯ್ದು, ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ ತಣಿಸಿ, ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ರಾತ್ರಿ ದೀಪ ಆರಿಸುವಾಗ ತೊಟ್ಟಿಯ ತಳದಲ್ಲಿ ಇಡಬೇಕು. ಬೆಳಿಗ್ಗೆ ಎದ್ದ ಕೂಡಲೇ, ದೀಪ ಹಾಕುವ ಮುನ್ನ ತೆಗೆದರೆ ಬಿಲ್ಲೆಯ ತುಂಬ ಹುಳುಗಳು ಮೆತ್ತಿಕೊಂಡಿರುತ್ತವೆ. ಬಿಲ್ಲೆಯನ್ನು ಮಧ್ಯಾಹ್ನದವರೆಗೆ ಮರೆತರೆ ಅದೇ ಕೊಳೆತು ಹುಳುಗಳಿಗೆ ಇನ್ನಷ್ಟು ಆಹಾರವಾಗುತ್ತದೆ.

ಐದನೆಯ ಹೆಜ್ಜೆ: ಹೊಸ ಗಿಡವನ್ನು ನೇರವಾಗಿ ಹಾಕದಿರುವುದು

ಹುಳು ತೊಟ್ಟಿಗೆ ಬರುವುದು ಬಹುತೇಕ ಗಿಡದ ಜೊತೆಗೇ. ಅಂಗಡಿಯದಾಗಲಿ, ಸ್ನೇಹಿತರು ಕೊಟ್ಟದ್ದಾಗಲಿ, ಹಳ್ಳದಿಂದ ಕಿತ್ತು ತಂದದ್ದಾಗಲಿ, ಗಿಡವನ್ನು ಮೊದಲು ಬೇರೆ ಬಕೆಟ್ಟಿನಲ್ಲಿ ಬೆಳಕು ಬೀಳುವ ಕಡೆ ನಾಲ್ಕು ವಾರ ಇಡುವುದು ಎಲ್ಲಕ್ಕಿಂತ ಸುರಕ್ಷಿತವಾದ ದಾರಿ. ಮೊಟ್ಟೆಯೊಡೆಯಲು ಒಂದೆರಡು ವಾರ, ಮರಿ ಕಣ್ಣಿಗೆ ಕಾಣುವಷ್ಟಾಗಲು ಇನ್ನೊಂದೆರಡು ವಾರ ಎಂಬುದೇ ಈ ಲೆಕ್ಕ. ಬಕೆಟ್ಟಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದನ್ನು ಹಾಕಿದರೆ ಸೊಳ್ಳೆಯ ಮರಿಗಳೂ ಬೆಳೆಯುವುದಿಲ್ಲ.

ಅಷ್ಟು ಕಾಯಲು ಆಗದಿದ್ದರೆ ಪಟಿಕದ ನೀರಿನಲ್ಲಿ ಅದ್ದಬಹುದು. ಒಂದು ಲೀಟರ್ ನೀರಿಗೆ 5ರಿಂದ 10 ಗ್ರಾಂ ಪಟಿಕದ ಪುಡಿ ಕರಗಿಸಿ, ಗಿಡವನ್ನು ಒಂದು ದಿನದಿಂದ ಎರಡು ಮೂರು ದಿನಗಳವರೆಗೆ ಮುಳುಗಿಸಿಟ್ಟು, ಆಮೇಲೆ ಮೂರು ನಾಲ್ಕು ಬಾರಿ ತೊಳೆಯಬೇಕು. ಹುಳುಗಳು ಇದರಿಂದ ಸಾಯುತ್ತವೆ. ದಪ್ಪ ಲೋಳೆಯ ನಡುವಿನ ಮೊಟ್ಟೆ ಒಂದೆರಡು ಉಳಿದರೂ ಉಳಿಯಬಹುದಾದ್ದರಿಂದ, ಅದ್ದುವ ಮೊದಲು ಎಲೆಗಳನ್ನು ಕೈಯಿಂದ ಸವರಿ ಲೋಳೆ ತೆಗೆಯುವುದನ್ನು ಬಿಡಬಾರದು. ಉಪ್ಪುನೀರು ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಹುಳುಗಳನ್ನು ಕೊಂದರೂ ಮೊಟ್ಟೆಯ ಮಟ್ಟಿಗೆ ನಂಬುವಂತಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬ್ಲೀಚ್. ಪರಿಮಳ, ಸೋಪು ಏನೂ ಬೆರೆಸದ, ಸೋಡಿಯಂ ಹೈಪೋಕ್ಲೋರೈಟ್ ಸುಮಾರು 5 ಶೇಕಡಾ ಇರುವ ದ್ರವ ಬ್ಲೀಚ್ ಒಂದು ಪಾಲಿಗೆ 19 ಪಾಲು ನೀರು ಸೇರಿಸಿ, ಅನೂಬಿಯಾಸ್, ಜಾವಾ ಫರ್ನ್‌ನಂತಹ ಗಟ್ಟಿ ಎಲೆಯ ಗಿಡಗಳನ್ನು ಒಂದೂವರೆಯಿಂದ ಎರಡು ನಿಮಿಷ ಮಾತ್ರ ಅದ್ದಬೇಕು. ಕೂಡಲೇ ಹರಿಯುವ ನೀರಿನಲ್ಲಿ ತೊಳೆದು, ಕ್ಲೋರಿನ್ ತೆಗೆಯುವ ಔಷಧಿ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಇಡಬೇಕು. ವ್ಯಾಲಿಸ್ನೇರಿಯಾ, ಪಾಚಿಗಿಡ, ಹೈಡ್ರಿಲ್ಲಾ, ಕ್ಯಾಬೊಂಬಾಗಳಿಗೆ ಇದು ಆಗದು, ಎಲೆ ಕರಗಿಹೋಗುತ್ತದೆ. ಮಳೆಗಾಲದಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆಯೇ ರಾಸಾಯನಿಕ, ಅದರ ಪ್ರಮಾಣವೂ ಬೇರೆ. ಅದನ್ನು ಈ ಕೆಲಸಕ್ಕೆ ಬಳಸಬೇಡಿ. ಬ್ಲೀಚ್‌ಗೆ ವಿನೆಗರ್, ಹುಳಿ, ಶೌಚಾಲಯ ತೊಳೆಯುವ ಆಮ್ಲ ಯಾವುದೂ ಸೋಕದಂತೆ ನೋಡಿಕೊಳ್ಳಬೇಕು. ಸೋಕಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಈ ಕೆಲಸ ಅಂಗಳದಲ್ಲಿ ನಡೆಯಲಿ, ಮಕ್ಕಳು ಹತ್ತಿರ ಇರದಿರಲಿ.

ಮೈಲುತುತ್ತ ಬೇಡ

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇಲ್ಲದ ಕೊಟ್ಟಿಗೆ ಅಪರೂಪ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣವನ್ನು ಅದರಿಂದಲೇ ಮಾಡುತ್ತಾರೆ. ತಾಮ್ರ ಬಸವನಹುಳುವನ್ನು ಕೊಲ್ಲುತ್ತದೆಂಬುದು ನಿಜ. ಆ ನಿಜವೇ ನಮ್ಮ ದೊಡ್ಡಪ್ಪನ ಮನೆಯ ತೊಟ್ಟಿಗೆ ಮುಳುವಾಯಿತು. ಅವರ ಮಗ, ನನಗೆ ಅಣ್ಣನಾಗಬೇಕು, ನಾನು ಬೇಡವೆಂದರೂ ಕೇಳದೆ, "ಒಂದು ಚಿಟಿಕೆಗೆ ಎಂತೂ ಆಗ್ತಿಲ್ಲೆ ತಮಾ" ಎಂದು 60 ಲೀಟರಿನ ತೊಟ್ಟಿಗೆ ಹಾಕಿಬಿಟ್ಟರು. ಮಾರನೆಯ ಬೆಳಿಗ್ಗೆ ಹನ್ನೊಂದು ಟೆಟ್ರಾಗಳು ಮೇಲೆ ತೇಲುತ್ತಿದ್ದವು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರವಿರುತ್ತದೆ. 60 ಲೀಟರ್ ನೀರಿಗೆ 0.3 ಗ್ರಾಂ ಬಿದ್ದರೂ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ತಾಮ್ರವಾಗುತ್ತದೆ. ಮೀನಿನ ರೋಗಕ್ಕೆಂದು ತಾಮ್ರ ಬಳಸುವಾಗಲೂ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸಿನಲ್ಲಿ ಎಚ್ಚರದಿಂದ ಅಳೆದು ಹಾಕುತ್ತಾರೆ. ಅದಕ್ಕೂ ಮಿಗಿಲಾಗಿ, ಚಿರೆಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಮೃದು, ತುಸು ಆಮ್ಲೀಯ. ಇಂತಹ ನೀರಿನಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣವಾಗುತ್ತದೆ. ಹರಳಿಗೂ ಸಿಲಿಕೋನ್‌ಗೂ ಅಂಟಿಕೊಂಡ ತಾಮ್ರ ಮುಂದೆ ಎಷ್ಟೋ ಕಾಲ ಬಿಟ್ಟುಕೊಡುತ್ತಲೇ ಇರುವುದರಿಂದ ಆ ತೊಟ್ಟಿಯಲ್ಲಿ ಸಿಗಡಿ ಸಾಕುವ ಆಸೆಯನ್ನೂ ಬಿಡಬೇಕಾಯಿತು. ಅಂಗಡಿಯಲ್ಲಿ ಸಿಗುವ ಹುಳುನಾಶಕ, ಪಾಚಿನಾಶಕಗಳ ಶೀಶೆಯ ಮೇಲೂ ತಾಮ್ರದ ಹೆಸರಿದೆಯೇ ಎಂದು ಓದಿ ನೋಡಿ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನಿಂತ ನೀರನ್ನು ತೊಟ್ಟಿಗೆ ಹಾಕಬೇಡಿ. ತೋಟದ ಆಫ್ರಿಕನ್ ಬಸವನಹುಳುವಿಗೆ ಇಡುವ ವಿಷದ ಗುಳಿಗೆಯಂತೂ ತೊಟ್ಟಿಯಿರುವ ಕೋಣೆಗೇ ಬರಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ವಿಷದಿಂದ ಹುಳುಗಳೆಲ್ಲ ಒಂದೇ ದಿನ ಸತ್ತರೆ ಅವು ಹರಳಿನೊಳಗೆ ಕೊಳೆತು ಅಮೋನಿಯಾ ಏರುತ್ತದೆ. ಜುಲೈ ತಿಂಗಳಿನಲ್ಲಿ ಗಾಳಿಮಳೆಗೆ ಮರ ಬಿದ್ದು ನಮ್ಮ ಜಿಲ್ಲೆಯಲ್ಲಿ ಒಂದೆರಡು ದಿನ ಕರೆಂಟು ಇಲ್ಲದಿರುವುದು ಹೊಸದಲ್ಲ. ಫಿಲ್ಟರ್ ನಿಂತ ತೊಟ್ಟಿಯಲ್ಲಿ ಹೀಗಾದರೆ ಮೀನುಗಳನ್ನು ಉಳಿಸಿಕೊಳ್ಳುವುದು ಕಷ್ಟ.

ಹುಳು ತಿನ್ನುವ ಮೀನುಗಳು

ಲೋಚ್, ಪಫರ್‌ಗಳನ್ನು ತಂದು ಬಿಡಿರೆಂದು ಅಂಗಡಿಯವರು ಹೇಳುತ್ತಾರೆ. ಅವು ಹುಳುಗಳನ್ನು ತಿನ್ನುತ್ತವೆ, ಆದರೆ ಲೋಳೆಯಲ್ಲಿರುವ ಮೊಟ್ಟೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಟಾಣಿ ಪಫರ್ ಬೇರೆ ಮೀನುಗಳ ರೆಕ್ಕೆ ಕಚ್ಚುತ್ತದೆ. ಝೀಬ್ರಾ ಲೋಚ್ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜಾತಿಯೆಂದು ದಾಖಲಾಗಿದೆ. ಹುಳು ತಿನ್ನಿಸುವುದಕ್ಕೆಂದು ಅದನ್ನು ಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬೇಕೇ ಬೇಕೆಂದರೆ ನಾಲ್ಕೈದು ಅಸಾಸಿನ್ ಹುಳುಗಳು ಸಾಕು, ಅವು ತಿಂಗಳುಗಳ ಅವಧಿಯಲ್ಲಿ ಸದ್ದಿಲ್ಲದೆ ಸಂಖ್ಯೆ ಇಳಿಸುತ್ತವೆ.

ಮರಿ ಬೇಕೆನಿಸಿದರೆ

ಮಿಸ್ಟರಿ ಸ್ನೇಲ್ ಸಾಕುವವರಿಗೆ ಗುಲಾಬಿ ಗೊಂಚಲು ಸಂತೋಷದ ಸಂಗತಿಯೇ. ಇದಕ್ಕೆ ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಎಂಟು ಹತ್ತು ಸೆಂಟಿಮೀಟರ್ ಜಾಗ ಬಿಡಬೇಕು. ಗೊಂಚಲು ಇದ್ದಲ್ಲಿಯೇ ಬಿಟ್ಟರೂ ಸರಿ, ಇಲ್ಲವೇ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಎರಡು ತೂತು ಮಾಡಿ, ಡಬ್ಬಿಯನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಡಬಹುದು. ಮೊಟ್ಟೆಗೆ ತೇವ ಬೇಕು, ನೀರಿನಲ್ಲಿ ಮುಳುಗಿದರೆ ಉಸಿರುಕಟ್ಟಿ ಸಾಯುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಗುಲಾಬಿ ಬಣ್ಣ ಮಾಸಿ ಬೂದಿಯಾಗಿ, ಗೊಂಚಲು ಕುಸಿದು, ಎಳ್ಳಿನಷ್ಟು ಮರಿಗಳು ಹೊರಬರುತ್ತವೆ. ಒಂದು ಗೊಂಚಲಿನಲ್ಲಿ ನೂರಕ್ಕೂ ಹೆಚ್ಚು ಮರಿಗಳಾಗಬಹುದು. ಅಷ್ಟಕ್ಕೆ ಜಾಗವಿದೆಯೇ ಎಂದು ಮೊದಲೇ ಯೋಚಿಸಿ, ಬೇಡದ ಗೊಂಚಲುಗಳನ್ನು ಎಳೆಯದಾಗಿರುವಾಗಲೇ ತೆಗೆಯುವುದು ಒಳಿತು.

ನಮ್ಮ ಬಾವಿನೀರಿನಲ್ಲಿ ಸುಣ್ಣದಂಶ ಕಡಿಮೆಯಾದ್ದರಿಂದ ಮರಿಗಳ ಚಿಪ್ಪು ತುದಿಯಿಂದ ಬೆಳ್ಳಗಾಗಿ ಸವೆಯುತ್ತದೆ. ಕಾರವಾರದ ಕಡಲತಡಿಯಲ್ಲಿ ಬಿದ್ದಿರುವ, ಬೊಂಡಾಸಿನ (ಕಟಲ್‌ಫಿಶ್) ಬೆನ್ನೊಳಗಿನ ಬಿಳಿಯ ಹಗುರವಾದ ಎಲುಬನ್ನು ತಂದು, ಹಲವು ಬಾರಿ ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ಕುದಿಸಿ ಒಣಗಿಸಿ, ಒಂದು ತುಂಡನ್ನು ತೊಟ್ಟಿಯಲ್ಲಿ ಇಟ್ಟರೆ ಹುಳುಗಳು ಅದನ್ನೇ ಹೆರೆದು ತಿನ್ನುತ್ತವೆ. ತೊಳೆದು ಒಣಗಿಸಿದ ಕೋಳಿಮೊಟ್ಟೆಯ ಚಿಪ್ಪೂ ಆಗುತ್ತದೆ. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಹಾಕಬಾರದು, ನೀರಿನ ಕ್ಷಾರ ಒಮ್ಮೆಲೇ ಏರಿ ಮೀನು ಸಾಯುತ್ತದೆ.

ತೆಗೆದ ಮೊಟ್ಟೆಯನ್ನು ಎಲ್ಲಿ ಹಾಕಬೇಕು?

ಹಳ್ಳ, ಕೆರೆ, ಬಾವಿ, ಗದ್ದೆ, ಚರಂಡಿ, ಶೌಚಾಲಯ ಇವುಗಳಲ್ಲಿ ಯಾವುದಕ್ಕೂ ಅಲ್ಲ. ಮಿಸ್ಟರಿ ಸ್ನೇಲ್ ದಕ್ಷಿಣ ಅಮೆರಿಕದ್ದು. ಅದೇ ಕುಲದ ಗೋಲ್ಡನ್ ಆಪಲ್ ಸ್ನೇಲ್ ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳಿಗೆ ಸೇರಿ ಸಸಿಗಳನ್ನು ಮೇಯ್ದು ರೈತರನ್ನು ಗೋಳಾಡಿಸಿದೆ. ನಮ್ಮ ಹೊಳೆಗಳಿಗೆ ಅಂತಹ ಹೊಸಬರು ಬರುವುದು ಬೇಡ. ಬಟ್ಟೆಯಲ್ಲಿ ಉಳಿದ ಲೋಳೆಯನ್ನು ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಬಿಡಬಹುದು, ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಎರಡು ದಿನ ಇಡಬಹುದು. ಮಳೆಯಿಲ್ಲದ ತಿಂಗಳಾದರೆ ಹಂಚಿನ ಮೇಲೆ ತೆಳುವಾಗಿ ಹರಡಿ ಬಿಸಿಲಿಗೆ ಒಣಗಿಸಿದರೂ ಆಗುತ್ತದೆ. ಆಮೇಲೆ ಅದನ್ನು ಮಣ್ಣಿನಲ್ಲಿ ಹೂಳಿ. ಬಕೆಟ್ಟಿನಲ್ಲಿ ಸೋಸಿ ಉಳಿದ ತೊಟ್ಟಿಯ ನೀರನ್ನು ಹೊಳೆಗೆ ಸೇರುವ ಕಾಲುವೆಗೆ ಚೆಲ್ಲದೆ, ಅಂಗಳದ ತೆಂಗಿನ ಬುಡಕ್ಕೋ ಮಲ್ಲಿಗೆ ಗಿಡಕ್ಕೋ ಹಾಕಿ, ಪಂಚೆಯ ತುಂಡನ್ನು ಮುಂದಿನ ವಾರಕ್ಕೆ ಬಿಸಿನೀರಿನಲ್ಲಿ ಅದ್ದಿ ಒಣಹಾಕಿ.